ಲಿಲಿಯ ಚಿತ್ರ ಡಬ್ಲಿನ್‌ನಲ್ಲೇ ಇದೆ, ಹಾಗಾದರೆ ಯೇಟ್ಸ್ ಮನೆಯ ಹರಾಜಿಗೆ ಅಷ್ಟೊಂದು ಗಲಾಟೆ ಯಾಕೆ?

2017ರ ಸೆಪ್ಟೆಂಬರ್ 27ರಂದು ಲಂಡನ್ನಿನ ಸದಬೀಸ್ ಹರಾಜು ಸಂಸ್ಥೆ ಐರ್ಲೆಂಡಿನ ಯೇಟ್ಸ್ ಮನೆತನದ ಆಸ್ತಿಯನ್ನು ಮಾರಾಟಕ್ಕಿಟ್ಟಿತು. ಕವಿ ವಿಲಿಯಂ ಬಟ್ಲರ್ ಯೇಟ್ಸ್ ಪತ್ರಗಳು, ಅವರ ತಮ್ಮ ಜ್ಯಾಕ್ ಬರೆದ ಚಿತ್ರಗಳು, ಅಪ್ಪ ಜಾನ್ ಬಟ್ಲರ್ ಯೇಟ್ಸ್ ಬಿಡಿಸಿದ ಮುಖಗಳು, ಪುಸ್ತಕಗಳು, ಮನೆಯ ಮೇಜು ಕುರ್ಚಿಗಳು, ಹೀಗೆ ಮೂರು ತಲೆಮಾರಿನ ಸಾಮಾನು ಒಂದೇ ದಿನ ಸುತ್ತಿಗೆಯ ಕೆಳಗೆ ಬಂತು. ಐರ್ಲೆಂಡಿನಲ್ಲಿ ಗದ್ದಲ ಎದ್ದಿತು. ಸರ್ಕಾರ ಯಾಕೆ ಎಲ್ಲವನ್ನೂ ಕೊಳ್ಳಲಿಲ್ಲ ಎಂದು ಕೆಲವರು ಕೇಳಿದರು. ಮುಖ್ಯವಾದದ್ದು ಆಗಲೇ ನಮ್ಮ ಹತ್ತಿರ ಇದೆ ಎಂದು ಇನ್ನು ಕೆಲವರು ಹೇಳಿದರು.

ಈ ಎರಡೂ ಮಾತು ನಿಜ. ಗೊಂದಲ ಹುಟ್ಟುವುದು ಅಲ್ಲೇ. ಒಂದು ಉದಾಹರಣೆ ನೋಡೋಣ. ಜಾನ್ ಬಟ್ಲರ್ ಯೇಟ್ಸ್ ತಮ್ಮ ದೊಡ್ಡ ಮಗಳು ಲಿಲಿಯ ತೈಲಚಿತ್ರವನ್ನು 1901ರಲ್ಲಿ ಬರೆದರು. ಅದು ಡಬ್ಲಿನ್‌ನ ರಾಷ್ಟ್ರೀಯ ಗ್ಯಾಲರಿಯ ಸ್ವತ್ತು. ಯಾರೂ ಅದನ್ನು ಮಾರುವಂತಿಲ್ಲ, ಹೊರಗೆ ಸಾಗಿಸುವಂತಿಲ್ಲ. ಆದರೆ ಅದನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಪತ್ರ, ಕಸೂತಿ, ಕರಡು ಚಿತ್ರಗಳು ಎಲ್ಲೆಲ್ಲೋ ಹರಡಿಕೊಂಡಿವೆ. ಹರಾಜು ನಡೆದಾಗಲೆಲ್ಲ ಇನ್ನಷ್ಟು ಹರಡುತ್ತವೆ. ಹಾಗಾಗಿ ಒಂದು ಕ್ಯಾನ್ವಾಸ್ ಎಲ್ಲಿದೆ ಎಂದು ಮಾತ್ರ ಕೇಳಿದರೆ ಈ ಜಗಳ ಅರ್ಥವಾಗುವುದಿಲ್ಲ. ಲಿಲಿಯ ಚಿತ್ರವನ್ನೇ ಹಿಡಿದು ಹೊರಟರೆ ಎಲ್ಲಿ ಏನು ತಪ್ಪುತ್ತಿದೆ ಎನ್ನುವುದು ಕಾಣುತ್ತದೆ.

ದುಡ್ಡಿಲ್ಲದ ಮನೆ, ಮುಗಿಯದ ಚಿತ್ರಗಳು

ಜಾನ್ ಬಟ್ಲರ್ ಯೇಟ್ಸ್ 1839ರಲ್ಲಿ ಕೌಂಟಿ ಡೌನ್‌ನಲ್ಲಿ ಹುಟ್ಟಿದವರು. ಓದಿದ್ದು ಕಾನೂನು. 1867ರಲ್ಲಿ ವಕೀಲಿಕೆ ಬಿಟ್ಟು ಚಿತ್ರ ಕಲಿಯಲು ಲಂಡನ್‌ಗೆ ಹೋದರು. ಆಗಲೇ ಮದುವೆಯಾಗಿತ್ತು, ಮಕ್ಕಳಿದ್ದರು. ಕಿಲ್ಡೇರ್‌ನಲ್ಲಿ ಪಿತ್ರಾರ್ಜಿತ ಜಮೀನಿತ್ತು, ಆದರೆ ಅದು ಅಡವಿನಲ್ಲಿತ್ತು. ಐರ್ಲೆಂಡಿನ ರೈತ ಹೋರಾಟದ ನಂತರ ಅದರಿಂದ ಬರುವ ಗೇಣಿಯೂ ಕಡಿಮೆಯಾಯಿತು. ಕೊನೆಗೆ ಜಮೀನೇ ಕೈಬಿಟ್ಟಿತು.

ಚಿತ್ರದಿಂದಲಾದರೂ ಹಣ ಬಂತಾ? ಅದೂ ಇಲ್ಲ. ಅವರಿಗೆ ಮುಗಿಸುವುದೇ ಬರುತ್ತಿರಲಿಲ್ಲ. ಎದುರಿಗೆ ಕೂತವರ ಜೊತೆ ಮಾತಾಡುತ್ತಾ, ಕ್ಯಾನ್ವಾಸಿನ ಹತ್ತಿರ ಹೋಗುತ್ತಾ, ಹಿಂದೆ ಬರುತ್ತಾ ಚಿತ್ರ ಬರೆಯುವವರು ಅವರು. ನಿನ್ನೆ ಚೆನ್ನಾಗಿ ಬಂದಿದ್ದನ್ನು ಇವತ್ತು ಕೆರೆದು ಹಾಕಿ ಮತ್ತೆ ಶುರು ಮಾಡುತ್ತಿದ್ದರು. ನ್ಯೂಯಾರ್ಕಿನ ವಕೀಲ ಜಾನ್ ಕ್ವಿನ್ 1911ರಲ್ಲಿ ಅವರಿಂದ ಒಂದು ಸ್ವಚಿತ್ರ ಕೇಳಿದರು. 1922ರಲ್ಲಿ ಯೇಟ್ಸ್ ತೀರಿಕೊಂಡಾಗಲೂ ಅದು ಮುಗಿದಿರಲಿಲ್ಲ. ಹನ್ನೊಂದು ವರ್ಷ ಒಂದೇ ಮುಖದ ಮೇಲೆ ಕೆಲಸ!

ದುಡ್ಡು ಕೊಟ್ಟು ಬರೆಸಿಕೊಳ್ಳುವ ಗಿರಾಕಿಗೆ ಇಂಥ ಕಲಾವಿದ ತಲೆನೋವು. ಆದರೆ ಮನೆಯವರನ್ನು ಬರೆಯುವಾಗ ಇದೇ ದೌರ್ಬಲ್ಯ ಗುಣವಾಯಿತು. ಅವಸರ ಇಲ್ಲ. ಅಂತಸ್ತು ತೋರಿಸುವ ಒಡವೆ, ಪರದೆ, ಕಂಬಗಳ ಹಂಗಿಲ್ಲ. ಮೆಚ್ಚಿಸಬೇಕಾದ ಯಜಮಾನ ಇಲ್ಲ. ಮುಖವೊಂದನ್ನು ನೋಡುತ್ತಾ ಕೂರುವುದು, ಅಷ್ಟೇ. ಹೆಂಡತಿ ಸೂಸನ್ 1900ರ ಜನವರಿಯಲ್ಲಿ ತೀರಿಹೋಗಿದ್ದರು. ಅದರ ಮರುವರ್ಷದ ಚಿತ್ರ ಇದು. ಲಿಲಿಗೆ ಆಗ ಸುಮಾರು 35 ವರ್ಷ. ಮಗಳನ್ನು ಅಪ್ಪ ನೋಡುವ ನೋಟ ಈ ಚಿತ್ರದಲ್ಲಿದೆ ಎಂದರೆ ಅದು ಸುಮ್ನೆ ಹೊಗಳಿಕೆಯಲ್ಲ. ಆ ಮನೆಯ ಪರಿಸ್ಥಿತಿಯೇ ಅಂಥ ನೋಟಕ್ಕೆ ಜಾಗ ಮಾಡಿಕೊಟ್ಟಿತ್ತು.

ಲಿಲಿ ಯಾರು, ಏನು ಮಾಡುತ್ತಿದ್ದಳು

ಹೆಸರು ಸೂಸನ್ ಮೇರಿ. ಎಲ್ಲರೂ ಕರೆದಿದ್ದು ಲಿಲಿ ಅಂತ. 1866ರಲ್ಲಿ ಸ್ಲೈಗೊ ಕೌಂಟಿಯಲ್ಲಿ ಹುಟ್ಟಿದಳು. ಅಣ್ಣ ಕವಿಯಾದ, ಒಬ್ಬ ತಮ್ಮ ದೊಡ್ಡ ಚಿತ್ರಕಾರನಾದ. ತಂಗಿ ಎಲಿಜಬೆತ್, ಅಂದರೆ ಲಾಲಿ, ಮುದ್ರಣ ಕಲಿತಳು. ಲಿಲಿ ಹಿಡಿದಿದ್ದು ಸೂಜಿ.

1888ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಮೇ ಮಾರಿಸ್ ಹತ್ತಿರ ಕಸೂತಿ ಕೆಲಸಕ್ಕೆ ಸೇರಿದಳು. ಮೇ ಎಂದರೆ ವಿನ್ಯಾಸಕಾರ ವಿಲಿಯಂ ಮಾರಿಸ್ ಮಗಳು. ಕೈಕೆಲಸಕ್ಕೆ ಕಲೆಯ ಗೌರವ ಸಿಗಬೇಕು ಎಂಬ ಚಳವಳಿಯ ಕೇಂದ್ರ ಆ ಮನೆ. ಅಲ್ಲಿ ಆರು ವರ್ಷ ದುಡಿದಳು. ಅಪ್ಪನಿಂದ ದುಡ್ಡು ಬರುವ ಭರವಸೆ ಇಲ್ಲದ ಮನೆಯಲ್ಲಿ ಹೆಣ್ಣುಮಕ್ಕಳ ಸಂಬಳವೇ ಗತಿ. ಆಮೇಲೆ ಫ್ರಾನ್ಸ್‌ನಲ್ಲಿ ಮಕ್ಕಳಿಗೆ ಪಾಠ ಹೇಳಲು ಹೋಗಿ ವಿಷಮಶೀತ ಜ್ವರ ಹಿಡಿದು ವಾಪಸ್ ಬಂದಳು. ಆರೋಗ್ಯ ಮತ್ತೆ ಪೂರ್ತಿ ಸರಿಹೋಗಲೇ ಇಲ್ಲ.

1902ರಲ್ಲಿ ಬದುಕು ತಿರುಗಿತು. ಎವ್ಲಿನ್ ಗ್ಲೀಸನ್ ಎಂಬ ಐರಿಶ್ ಮಹಿಳೆ ಡಬ್ಲಿನ್ ಪಕ್ಕದ ಡಂಡ್ರಂನಲ್ಲಿ ಒಂದು ಕೈಕೆಲಸದ ಕೇಂದ್ರ ಶುರು ಮಾಡಿದರು. ಹೆಸರು ಡನ್ ಎಮರ್. ಎಮರ್ ಎಂದರೆ ಐರಿಶ್ ಪುರಾಣದ ವೀರ ಕುಹುಲಿನ್‌ನ ಹೆಂಡತಿ, ಸೂಜಿ ಕೆಲಸಕ್ಕೆ ಹೆಸರಾದವಳು. ನೇಯ್ಗೆ ಗ್ಲೀಸನ್ ಪಾಲಿಗೆ, ಮುದ್ರಣ ಲಾಲಿ ಪಾಲಿಗೆ, ಕಸೂತಿ ಲಿಲಿ ಪಾಲಿಗೆ. ಕೆಲಸಕ್ಕೆ ಬಂದವರೆಲ್ಲ ಸುತ್ತಮುತ್ತಲಿನ ಹುಡುಗಿಯರು. ಬಟ್ಟೆ, ಕಾಗದ ಆದಷ್ಟೂ ಐರ್ಲೆಂಡಿನದೇ ಆಗಬೇಕು ಎಂಬ ಹಟ. ಕೆಲಸದ ಜೊತೆ ಚಿತ್ರಕಲೆ, ಅಡುಗೆ, ಐರಿಶ್ ಭಾಷೆಯ ಪಾಠವೂ ಇತ್ತು.

ಲಾಕ್ರೇ ಪತಾಕೆಗಳನ್ನು ಹತ್ತಿರದಿಂದ ನೋಡಿದರೆ

ಲಿಲಿಯ ಕೆಲಸ ಏನು ಎಂದು ತಿಳಿಯಬೇಕಾದರೆ ಗಾಲ್ವೇ ಕೌಂಟಿಯ ಲಾಕ್ರೇ ಊರಿಗೆ ಹೋಗಬೇಕು. ಅಲ್ಲಿನ ಸಂತ ಬ್ರೆಂಡನ್ ಚರ್ಚಿಗಾಗಿ ಡನ್ ಎಮರ್ ಹುಡುಗಿಯರು 1903ರಿಂದ ಇಪ್ಪತ್ತಕ್ಕೂ ಜಾಸ್ತಿ ಪತಾಕೆಗಳನ್ನು ಹೊಲಿದರು. ಹೆಚ್ಚಿನವು ಐರಿಶ್ ಸಂತರ ಚಿತ್ರಗಳು. ವಿನ್ಯಾಸದ ಬಹುಪಾಲು ಜ್ಯಾಕ್ ಯೇಟ್ಸ್ ಮತ್ತು ಅವರ ಹೆಂಡತಿ ಕಾಟಿ ಅವರದು. ನಾರುಬಟ್ಟೆಯ ಮೇಲೆ ರೇಷ್ಮೆ ಮತ್ತು ಉಣ್ಣೆ ದಾರ.

ಕಾಗದದ ಮೇಲೆ ವಿನ್ಯಾಸ ಎಂದರೆ ಗೆರೆ ಮತ್ತು ಬಣ್ಣದ ಸೂಚನೆ ಮಾತ್ರ. ಅದು ಬಟ್ಟೆಗೆ ಇಳಿಯುವಾಗ ನೂರಾರು ತೀರ್ಮಾನಗಳು ಸೂಜಿ ಹಿಡಿದವರದ್ದೇ. ರೇಷ್ಮೆ ದಾರಕ್ಕೆ ಒಂದು ಗುಣವಿದೆ. ಒಂದೇ ಬಣ್ಣದ ದಾರವನ್ನು ಅಡ್ಡ ಹೊಲಿದರೆ ಒಂದು ಹೊಳಪು, ಉದ್ದ ಹೊಲಿದರೆ ಇನ್ನೊಂದು. ಸಂತನ ನಿಲುವಂಗಿಯ ಮಡಿಕೆ ಕಾಣಬೇಕು ಎಂದರೆ ಬೇರೆ ಬಣ್ಣ ಬೇಕಿಲ್ಲ, ದಾರ ಓಡುವ ದಿಕ್ಕು ಬದಲಾದರೆ ಸಾಕು. ಎಲ್ಲಿ ಉಣ್ಣೆಯ ಮಂಕು ಬೇಕು, ಎಲ್ಲಿ ರೇಷ್ಮೆಯ ಮಿರುಗು ಬೇಕು, ಹೊರಗೆರೆ ಎಷ್ಟು ದಪ್ಪ ಇದ್ದರೆ ದೂರದಲ್ಲಿ ಕೂತ ಭಕ್ತನಿಗೆ ಕಾಣುತ್ತದೆ, ಇದನ್ನೆಲ್ಲ ನಿರ್ಧರಿಸಿದ್ದು ಕಸೂತಿಯ ಕೋಣೆ. ಚಿತ್ರಕಾರ ಕುಂಚದಿಂದ ಮಾಡುವ ಕೆಲಸವನ್ನೇ ಇಲ್ಲಿ ದಾರದಿಂದ ಮಾಡಿದ್ದಾರೆ.

ಆದರೂ ಈ ಪತಾಕೆಗಳ ಮಾತು ಬಂದಾಗ ಮೊದಲು ಕೇಳುವ ಹೆಸರು ಜ್ಯಾಕ್‌ನದು. ಲಿಲಿಯದು ಆಮೇಲೆ. ದಿನಗಟ್ಟಲೆ ಕೂತು ಹೊಲಿದ ಹುಡುಗಿಯರಲ್ಲಿ ಯಾರು ಯಾವ ಸಂತನನ್ನು ಹೊಲಿದರು ಎನ್ನುವುದಂತೂ ಪತಾಕೆಯ ಮೇಲೆ ಬರೆದಿಲ್ಲ. ಧಾರವಾಡದ ಹಳೆಯ ಕಸೂತಿ ಸೀರೆಗಳ ಕಥೆಯೂ ಇದೇ ಅಲ್ವಾ?

ಇದೇ ಚರ್ಚಿನ ಬಣ್ಣದ ಗಾಜಿನ ಕಿಟಕಿಗಳನ್ನು ಮಾಡಿದ್ದು ಸಾರಾ ಪರ್ಸರ್ ಕಟ್ಟಿದ ಕಾರ್ಯಾಗಾರ. 1901ರಲ್ಲಿ ಡಬ್ಲಿನ್‌ನಲ್ಲಿ ಜಾನ್ ಬಟ್ಲರ್ ಯೇಟ್ಸ್ ಮತ್ತು ನಥಾನಿಯಲ್ ಹೋನ್ ಚಿತ್ರಗಳ ಪ್ರದರ್ಶನ ಏರ್ಪಡಿಸಿ, ಯಾರೂ ಗಮನಿಸದೆ ಉಳಿದಿದ್ದ ಯೇಟ್ಸ್‌ಗೆ ಹೆಸರು ತಂದುಕೊಟ್ಟವರೂ ಇದೇ ಪರ್ಸರ್. ಆ ಪ್ರದರ್ಶನದಿಂದಲೇ ಹ್ಯೂ ಲೇನ್ ಎಂಬ ಕಲಾ ವ್ಯಾಪಾರಿ ಐರ್ಲೆಂಡಿನ ಗಣ್ಯರ ಚಿತ್ರಗಳನ್ನು ಬರೆಯುವ ಕೆಲಸವನ್ನು ಯೇಟ್ಸ್‌ಗೆ ಕೊಟ್ಟರು. ಅಪ್ಪನ ಕ್ಯಾನ್ವಾಸ್, ಮಗಳ ಬಟ್ಟೆ, ಪರ್ಸರ್ ಗಾಜು, ಎಲ್ಲವೂ ಒಂದೇ ಗುಂಪಿನ, ಒಂದೇ ಹೊತ್ತಿನ ಕೆಲಸ. ಈಗ ಮಾತ್ರ ಒಂದು ಗ್ಯಾಲರಿಗೆ, ಇನ್ನೊಂದು ಚರ್ಚಿಗೆ, ಮತ್ತೊಂದು ಹರಾಜಿನ ಪಟ್ಟಿಗೆ ಹಂಚಿಹೋಗಿದೆ.

ಮುಂದೆ ಏನಾಯಿತು

1908ರಲ್ಲಿ ಅಕ್ಕತಂಗಿಯರು ಗ್ಲೀಸನ್ ಅವರಿಂದ ಬೇರೆಯಾಗಿ ಕೂಲಾ ಇಂಡಸ್ಟ್ರೀಸ್ ಶುರು ಮಾಡಿದರು. ಲಾಲಿಯ ಕೈಮುದ್ರಣ ಯಂತ್ರದಿಂದ ಅಣ್ಣನ ಕವಿತೆಗಳಷ್ಟೇ ಅಲ್ಲ, 1914ರಲ್ಲಿ ರವೀಂದ್ರನಾಥ ಟ್ಯಾಗೋರರ 'ಡಾಕ್‌ಘರ್' ನಾಟಕದ ಇಂಗ್ಲಿಷ್ ಅನುವಾದವೂ ಹೊರಬಂತು. ಒಂದೊಂದು ಅಕ್ಷರವನ್ನೂ ಹೆಣ್ಣುಮಕ್ಕಳು ಕೈಯಿಂದ ಜೋಡಿಸಿ ಅಚ್ಚು ಹಾಕಿದ ಪುಸ್ತಕ ಅದು.

ಅದೇ 1908ರ ಹೊತ್ತಿಗೆ ಲಿಲಿ ನ್ಯೂಯಾರ್ಕಿನಲ್ಲಿ ಐರಿಶ್ ಕೈಗಾರಿಕಾ ಪ್ರದರ್ಶನಕ್ಕೆ ಹೋಗಿದ್ದಳು. ಅಪ್ಪನೂ ಜೊತೆಗೆ ಹೊರಟರು. ಕೆಲವು ತಿಂಗಳಾದ ಮೇಲೆ ಲಿಲಿ ವಾಪಸ್ ಬಂದಳು, ಅಪ್ಪ ಬರಲಿಲ್ಲ. ಸಾಯುವ ತನಕ ಅಲ್ಲೇ ಉಳಿದರು. ಹಾಗಾಗಿ ಅಪ್ಪ ಮಗಳ ಸಂಬಂಧದ ಕೊನೆಯ 14 ವರ್ಷ ಇರುವುದು ಪತ್ರಗಳಲ್ಲಿ ಮಾತ್ರ. ಚಿತ್ರದಲ್ಲಿ ಕಾಣುವ ಆಪ್ತತೆ ಆಮೇಲೆ ಏನಾಯಿತು ಎಂದು ತಿಳಿಯಲು ಇರುವ ದಾರಿ ಅದೊಂದೇ. ಪತ್ರಗಳು ಹರಾಜಿಗೆ ಬಂದಾಗ ಐರ್ಲೆಂಡಿನವರು ಕಳವಳಪಟ್ಟಿದ್ದರಲ್ಲಿ ತಪ್ಪೇನಿದೆ?

ಕಸೂತಿ ವಿಭಾಗ ಲಾಭ ಕಂಡಿದ್ದು ಕಡಿಮೆ. ಲಿಲಿಯ ಕಾಯಿಲೆ ಜೋರಾದಾಗ, ಸಾಲ ಏರಿದಾಗ, ನೊಬೆಲ್ ಬಹುಮಾನ ಪಡೆದ ಅಣ್ಣ ಕೈಹಿಡಿದ. 1930ರ ದಶಕದ ಆರಂಭದಲ್ಲಿ ಆ ವಿಭಾಗ ಮುಚ್ಚಿತು. ಲಾಲಿ 1940ರಲ್ಲಿ, ಲಿಲಿ 1949ರಲ್ಲಿ ತೀರಿಕೊಂಡರು. ಇಬ್ಬರ ಸಮಾಧಿಯೂ ಡಂಡ್ರಂನ ಸಂತ ನಾಹಿ ಚರ್ಚಿನ ಅಂಗಳದಲ್ಲಿದೆ.

ಬೆಲೆ ಯಾರ ಹೆಸರಿಗೆ?

ಈಗ ಮಾರುಕಟ್ಟೆಯ ಲೆಕ್ಕಕ್ಕೆ ಬರೋಣ. ಜ್ಯಾಕ್ ಯೇಟ್ಸ್ ಬರೆದ 'ದ ವೈಲ್ಡ್ ಒನ್ಸ್' ಚಿತ್ರ 1999ರಲ್ಲೇ ಲಂಡನ್ನಿನಲ್ಲಿ 12 ಲಕ್ಷ ಪೌಂಡಿಗೆ ಮಾರಾಟವಾಯಿತು. ಅವರ ಅಪ್ಪನ ಚಿತ್ರಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಲಿಲಿಯ ಕಸೂತಿ ಅದಕ್ಕಿಂತ ಎಷ್ಟೋ ಕೆಳಗೆ.

ಕಾರಣ ಇಷ್ಟು. ಹರಾಜಿನಲ್ಲಿ ಬೆಲೆ ಏರಲು ಕನಿಷ್ಠ ಇಬ್ಬರು ಶ್ರೀಮಂತರು ಒಂದೇ ವಸ್ತುವಿಗೆ ಆಸೆಪಡಬೇಕು. ಅವರು ಆಸೆಪಡುವುದು ಗುರುತು ಸಿಗುವ ಶೈಲಿಗೆ, ಗೋಡೆಯ ಮೇಲೆ ತೂಗುಹಾಕಿದರೆ ಯಾರದು ಎಂದು ಅತಿಥಿಗೆ ಹೊಳೆಯುವ ಹೆಸರಿಗೆ. ಜಾನ್ ಬಟ್ಲರ್ ಯೇಟ್ಸ್ ಬರೆದಿದ್ದು ಹೆಚ್ಚಾಗಿ ಮುಖಗಳನ್ನು, ಅದೂ ಸ್ನೇಹಿತರು ಮತ್ತು ಮನೆಯವರ ಮುಖಗಳನ್ನು. ಬೇರೆಯವರ ಮಗಳ ಮುಖವನ್ನು ಮನೆಯಲ್ಲಿ ತೂಗುಹಾಕಲು ಕೋಟಿ ಕೊಡುವವರು ಕಡಿಮೆ. ಕಸೂತಿಯ ಕಷ್ಟ ಇನ್ನೊಂದು ಥರದ್ದು. ಬೆಳಕಿಗೆ ಬಣ್ಣ ಮಾಸುತ್ತದೆ, ಹುಳ ಹಿಡಿಯುತ್ತದೆ, ಸಹಿ ಇರುವುದಿಲ್ಲ, ಹಲವರು ಸೇರಿ ಮಾಡಿರುತ್ತಾರೆ. ಕೊಳ್ಳುವವನಿಗೆ ಇದೆಲ್ಲ ಅನುಮಾನ ತರುತ್ತದೆ.

ಬೆಲೆ ಕಡಿಮೆ ಇದ್ದರೆ ಸರ್ಕಾರಕ್ಕೆ ಕೊಳ್ಳುವುದು ಸುಲಭ ಅಲ್ವಾ ಎಂದು ಅನ್ನಿಸಬಹುದು. ಆಗುವುದು ಉಲ್ಟಾ. ಬೆಲೆ ಕಡಿಮೆ ಇದ್ದರೆ ಸುದ್ದಿ ಆಗುವುದಿಲ್ಲ. ಸುದ್ದಿ ಆಗದಿದ್ದರೆ ಒತ್ತಡ ಹುಟ್ಟುವುದಿಲ್ಲ. ಸಣ್ಣ ವಸ್ತುಗಳು ಒಂದೊಂದಾಗಿ, ಸದ್ದಿಲ್ಲದೆ, ಬೇರೆ ಬೇರೆ ಮನೆಗಳಿಗೆ ಹೋಗುತ್ತವೆ. ದೊಡ್ಡ ಕ್ಯಾನ್ವಾಸ್ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಒಂದು ಟೇಬಲ್ ಬಟ್ಟೆ, ಒಂದು ಕುಶನ್ ಹೊದಿಕೆ ಎಲ್ಲಿಗೆ ಹೋಯಿತು ಎಂದು ಕೇಳುವವರೇ ಇರುವುದಿಲ್ಲ.

ಯಾರ ವಾದ ಏನು

ಎಲ್ಲವನ್ನೂ ಕೊಳ್ಳಬೇಕಿತ್ತು ಎನ್ನುವವರ ವಾದಕ್ಕೆ ತೂಕವಿದೆ. ಯೇಟ್ಸ್ ಮನೆಯ ಸಂಗ್ರಹದ ಬೆಲೆ ಇರುವುದೇ ಅದರ ಒಟ್ಟಿಗೆ ಇರುವಿಕೆಯಲ್ಲಿ. ಅಪ್ಪ ಬರೆದ ಮುಖ, ಆ ಮುಖದವಳು ಹೊಲಿದ ಬಟ್ಟೆ, ಅದಕ್ಕೆ ತಮ್ಮ ಕೊಟ್ಟ ವಿನ್ಯಾಸ, ಅದರ ಖರ್ಚಿನ ಬಗ್ಗೆ ಅಣ್ಣ ಬರೆದ ಕಾಗದ, ಇವು ಒಂದಕ್ಕೊಂದು ಸಾಕ್ಷಿ. ಒಡೆದರೆ ಪ್ರತಿ ತುಂಡೂ ಮೂಕ.

ಕುಟುಂಬದ ಕಡೆಯ ಮಾತೂ ಸುಳ್ಳಲ್ಲ. ಕವಿಯ ಮಗ ಮೈಕಲ್ ಮತ್ತು ಮಗಳು ಆನ್ ದಶಕಗಳ ಕಾಲ ಹಸ್ತಪ್ರತಿಗಳನ್ನು, ಪುಸ್ತಕಗಳನ್ನು, ಜ್ಯಾಕ್ ಯೇಟ್ಸ್ ಕರಡು ಪುಸ್ತಕಗಳನ್ನು ದೇಶಕ್ಕೆ ಕೊಟ್ಟಿದ್ದಾರೆ. 1996ರಲ್ಲಿ ಆನ್ ಕೊಟ್ಟ ಜ್ಯಾಕ್ ಸಂಗ್ರಹ ಈಗ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ಇಷ್ಟು ಕೊಟ್ಟವರು ಉಳಿದದ್ದನ್ನು ಮಾರಿಕೊಂಡರೆ ಅವರನ್ನು ಬೈಯುವುದು ನ್ಯಾಯವಲ್ಲ. ಹಳೆಯ ಕಾಗದ, ಬಟ್ಟೆ, ಚಿತ್ರಗಳನ್ನು ಮನೆಯಲ್ಲಿಟ್ಟು ಕಾಪಾಡುವುದು ದುಬಾರಿ ಕೆಲಸ. ಮುಂದಿನ ತಲೆಮಾರಿನಲ್ಲಿ ಪಾಲು ಹಂಚಿಕೆಯೂ ಬರುತ್ತದೆ.

ಸಂಸ್ಥೆಗಳು ಸುಮ್ಮನೆ ಕೂತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ರಾಷ್ಟ್ರೀಯ ಗ್ರಂಥಾಲಯ ಮತ್ತು ರಾಷ್ಟ್ರೀಯ ವಸ್ತುಸಂಗ್ರಹಾಲಯ ಈ ಸಂಗ್ರಹದಿಂದ ಕೆಲವನ್ನು ಕೊಂಡವು. ಆದರೆ 2008ರ ಆರ್ಥಿಕ ಕುಸಿತದ ನಂತರ ಐರ್ಲೆಂಡಿನ ಸಂಸ್ಥೆಗಳ ಖರೀದಿ ಹಣಕ್ಕೆ ದೊಡ್ಡ ಕತ್ತರಿ ಬಿದ್ದಿತ್ತು. ಆರಿಸಲೇಬೇಕಾಯಿತು. ಆರಿಸುವಾಗ ಕವಿಯ ಕೈಬರಹ ಮೊದಲು, ಉಳಿದವರದು ಆಮೇಲೆ ಎನ್ನುವ ಸಾಲು ತಾನಾಗಿಯೇ ಬಂದುಬಿಡುತ್ತದೆ.

ವಿದೇಶಕ್ಕೆ ಹೋದರೆ ನಷ್ಟ ಎನ್ನುವ ಮಾತು ಮಾತ್ರ ಅರ್ಧ ಸತ್ಯ. ಈ ಕುಟುಂಬವೇ ಸ್ಲೈಗೊ, ಲಂಡನ್, ಡಬ್ಲಿನ್, ನ್ಯೂಯಾರ್ಕ್ ನಡುವೆ ಹರಡಿತ್ತು. ಜಾನ್ ಕ್ವಿನ್ ಕಾಗದಪತ್ರಗಳು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ, ಬಾಸ್ಟನ್ ಕಾಲೇಜಿನಲ್ಲೂ ಯೇಟ್ಸ್ ಸಂಗ್ರಹವಿದೆ. ಅಲ್ಲಿ ಹೋಗಿ ಯಾರು ಬೇಕಾದರೂ ಓದಬಹುದು. ನಿಜವಾದ ನಷ್ಟ ಆಗುವುದು ವಸ್ತು ಖಾಸಗಿ ಮನೆ ಸೇರಿ, ಎಲ್ಲಿದೆ ಎಂಬ ಸುಳಿವೂ ಇಲ್ಲದಂತಾದಾಗ. ಅದು ಬಾಸ್ಟನ್‌ನಲ್ಲಿ ಆಗಬಹುದು, ಡಬ್ಲಿನ್‌ನಲ್ಲೂ ಆಗಬಹುದು.

ಕಾನೂನು ಎಲ್ಲಿ ಜಾರುತ್ತದೆ

ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ 50 ವರ್ಷಕ್ಕಿಂತ ಹಳೆಯದಾದ, ಒಂದೂವರೆ ಲಕ್ಷ ಯೂರೊಗಿಂತ ಜಾಸ್ತಿ ಬೆಲೆಯ ಚಿತ್ರವನ್ನು ಒಕ್ಕೂಟದ ಹೊರಗೆ ಕಳಿಸಲು ಪರವಾನಗಿ ಬೇಕು. ಐರ್ಲೆಂಡಿನ ಸ್ವಂತ ಕಾನೂನಿನಲ್ಲೂ ಪರವಾನಗಿ ಪದ್ಧತಿ ಇದೆ. ಆದರೆ ಪರವಾನಗಿ ಎಂದರೆ ತಡೆಗೋಡೆ ಅಲ್ಲ. ದುಡ್ಡು ಹೊಂದಿಸಲು ಸ್ವಲ್ಪ ಸಮಯ ಸಿಗಬಹುದು, ಅಷ್ಟೇ. ದುಡ್ಡೇ ಇಲ್ಲದಿದ್ದರೆ ಸಮಯ ಸಿಕ್ಕಿ ಏನು ಪ್ರಯೋಜನ? 2015ರಲ್ಲಿ ವಿಕ್ಲೋ ಕೌಂಟಿಯ ರಸ್‌ಬರೋ ಮಹಲಿನ ಚಿತ್ರಗಳ ವಿಷಯದಲ್ಲಿ ಆಗಿದ್ದು ಇದೇ. ರೂಬೆನ್ಸ್ ಚಿತ್ರಗಳೂ ಸೇರಿ ಹಲವು ಕೃತಿಗಳು ಲಂಡನ್ನಿನ ಕ್ರಿಸ್ಟೀಸ್ ಹರಾಜಿಗೆ ಹೊರಟಿದ್ದವು. ಜನರಿಗೆ ವಿಷಯ ತಿಳಿಯುವ ಹೊತ್ತಿಗೆ ಪರವಾನಗಿ ಕೊಟ್ಟಾಗಿತ್ತು. ಗದ್ದಲ ಎದ್ದು, ಕೋರ್ಟಿಗೆ ಹೋಗಿ, ಮಾರಾಟ ಮುಂದೆ ಹೋಯಿತು. ಆಮೇಲೆ ಕೆಲವನ್ನು ಉಳಿಸಿದ್ದು ತೆರಿಗೆ ರಿಯಾಯಿತಿ.

ಆ ರಿಯಾಯಿತಿ ಬಗ್ಗೆ ಸ್ವಲ್ಪ ನಿಧಾನವಾಗಿ ನೋಡಬೇಕು, ಲಿಲಿಯ ಕಥೆ ಸಿಕ್ಕಿಕೊಳ್ಳುವುದು ಇಲ್ಲೇ. 1997ರ ತೆರಿಗೆ ಕಾಯ್ದೆಯ 1003ನೇ ಕಲಮಿನ ಪ್ರಕಾರ, ದೇಶಕ್ಕೆ ಮುಖ್ಯವಾದ ಪಾರಂಪರಿಕ ವಸ್ತುವನ್ನು ದಾನ ಕೊಟ್ಟವರಿಗೆ ಅದರ ಮಾರುಕಟ್ಟೆ ಬೆಲೆಯ ಶೇ. 80ರಷ್ಟು ತೆರಿಗೆಯಲ್ಲಿ ಸಿಗುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ವಸ್ತುವಿನ ಬೆಲೆ ಕನಿಷ್ಠ ಒಂದೂವರೆ ಲಕ್ಷ ಯೂರೊ ಇರಬೇಕು. ಹಲವು ವಸ್ತುಗಳ ಸಂಗ್ರಹವಾದರೆ ಒಟ್ಟು ಬೆಲೆ ಅಷ್ಟಿದ್ದರೆ ಸಾಲದು, ಅದರಲ್ಲಿ ಒಂದಾದರೂ 50 ಸಾವಿರ ಯೂರೊ ಬೆಲೆಯದ್ದಾಗಿರಬೇಕು. ಜ್ಯಾಕ್ ಚಿತ್ರ ಇದನ್ನು ಸಲೀಸಾಗಿ ದಾಟುತ್ತದೆ. ಅಪ್ಪನ ಹೆಚ್ಚಿನ ಚಿತ್ರಗಳಿಗೆ ಕಷ್ಟ. ಕಸೂತಿ ಬಟ್ಟೆಗಳನ್ನು ರಾಶಿ ಹಾಕಿದರೂ ಈ ಗೆರೆ ದಾಟುವುದಿಲ್ಲ. ಹೀಗೆ ಮಾರುಕಟ್ಟೆ ಯಾರನ್ನು ಕೆಳಗಿಟ್ಟಿತೋ ಕಾನೂನೂ ಅವರನ್ನೇ ಕೆಳಗಿಟ್ಟಿತು. ಬೇಕೆಂದೇ ಹೀಗೆ ಮಾಡಿದ್ದಲ್ಲ. ಮಹತ್ವವನ್ನು ಬೆಲೆಯಿಂದ ಅಳೆದಿದ್ದರ ಫಲ ಇದು.

ಬ್ರಿಟನ್ ಒಂದು ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ಅಲ್ಲಿ ಬ್ರಿಟಿಷ್ ಇತಿಹಾಸದ ವ್ಯಕ್ತಿಗಳ ಭಾವಚಿತ್ರಗಳಿಗೆ 10 ಸಾವಿರ ಪೌಂಡಿನಿಂದಲೇ ರಫ್ತು ಪರವಾನಗಿ ಪರಿಶೀಲನೆ ಶುರುವಾಗುತ್ತದೆ. ಬೇರೆ ತೈಲಚಿತ್ರಗಳಿಗೆ ಮಿತಿ ಇದಕ್ಕಿಂತ ಎಷ್ಟೋ ಮೇಲಿದೆ. ಚಿತ್ರದಲ್ಲಿ ಯಾರಿದ್ದಾರೆ ಎನ್ನುವುದಕ್ಕೂ ಬೆಲೆ ಇದೆ ಎಂದು ಕಾನೂನೇ ಒಪ್ಪಿಕೊಂಡ ಹಾಗೆ. ಜಂಟಿ ಖರೀದಿಯ ದಾರಿಯೂ ಇದೆ. ಬ್ರಿಟಿಷ್ ಚಿತ್ರಕಾರ ರೆನಾಲ್ಡ್ಸ್ ಬರೆದ, ಪಾಲಿನೇಷ್ಯಾ ದ್ವೀಪಗಳ ಮಾಯ್ ಎಂಬಾತನ ಭಾವಚಿತ್ರವನ್ನು 2001ರಲ್ಲಿ ಐರಿಶ್ ಉದ್ಯಮಿಯೊಬ್ಬರು ಕೊಂಡಿದ್ದರು. ವರ್ಷಗಟ್ಟಲೆ ಎಳೆದಾಟ ನಡೆದು, 2023ರಲ್ಲಿ ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿ ಮತ್ತು ಅಮೆರಿಕದ ಗೆಟ್ಟಿ ಸಂಸ್ಥೆ ಸೇರಿ 5 ಕೋಟಿ ಪೌಂಡಿಗೆ ಕೊಂಡವು. ಸರದಿಯ ಮೇಲೆ ಎರಡೂ ಕಡೆ ತೋರಿಸುತ್ತಾರೆ.

ನಮ್ಮ ಕಾಯ್ದೆಯ ಪಕ್ಕದಲ್ಲಿಟ್ಟರೆ

ಭಾರತದ 1972ರ ಪ್ರಾಚ್ಯವಸ್ತು ಮತ್ತು ಕಲಾ ಸಂಪತ್ತು ಕಾಯ್ದೆ ಬೆಲೆ ನೋಡುವುದಿಲ್ಲ, ವಯಸ್ಸು ನೋಡುತ್ತದೆ. 100 ವರ್ಷ ದಾಟಿದ ಚಿತ್ರ, ಶಿಲ್ಪ, ಕುಶಲಕೆಲಸ, ಯಾವುದೂ ಖಾಸಗಿಯಾಗಿ ದೇಶ ಬಿಡುವಂತಿಲ್ಲ. ಈ ಲೆಕ್ಕದಲ್ಲಿ 1903ರ ಲಾಕ್ರೇ ಪತಾಕೆಗೂ 1901ರ ತೈಲಚಿತ್ರಕ್ಕೂ ಒಂದೇ ರಕ್ಷಣೆ. ಸೂಜಿ ಮತ್ತು ಕುಂಚದ ನಡುವೆ ಭೇದ ಇಲ್ಲ. ಇದು ದೊಡ್ಡ ಮಾತು.

ಆದರೆ ಇದೇ ಕಾಯ್ದೆಯ ಇನ್ನೊಂದು ಭಾಗದಲ್ಲಿ ಭೇದ ಮತ್ತೆ ನುಸುಳಿದೆ. 100 ವರ್ಷ ಆಗದಿದ್ದರೂ ಹೊರಗೆ ಕಳಿಸಬಾರದ ಕಲಾ ಸಂಪತ್ತು ಎಂದು ಒಂಬತ್ತು ಕಲಾವಿದರ ಕೃತಿಗಳನ್ನು ಗುರುತಿಸಲಾಗಿದೆ. ರವಿವರ್ಮ, ಜಾಮಿನಿ ರಾಯ್, ನಂದಲಾಲ್ ಬೋಸ್, ಟ್ಯಾಗೋರ್ ಮನೆಯ ಮೂವರು, ಹೀಗೆ. ಒಂಬತ್ತರಲ್ಲಿ ಹೆಣ್ಣು ಒಬ್ಬರೇ, ಅಮೃತಾ ಶೇರ್‌ಗಿಲ್. ಕೈಕೆಲಸದವರು ಒಬ್ಬರೂ ಇಲ್ಲ. ಹೊರಗೆ ಹೋಗದಂತೆ ತಡೆದರೆ ಸಾರ್ವಜನಿಕರಿಗೆ ಸಿಗುತ್ತದೆ ಎನ್ನುವ ಖಾತ್ರಿಯೂ ಇಲ್ಲ. 2023ರಲ್ಲಿ ಶೇರ್‌ಗಿಲ್ ಚಿತ್ರವೊಂದು ದೆಹಲಿಯಲ್ಲಿ 61.8 ಕೋಟಿ ರೂಪಾಯಿಗೆ ಹರಾಜಾಯಿತು. ದೇಶದೊಳಗೇ ಇದೆ, ಆದರೆ ನೋಡಬೇಕೆಂದರೆ ಮಾಲೀಕರ ಮರ್ಜಿ.

ಡಬ್ಲಿನ್‌ನ ಆ ಕಲಾವಲಯದಿಂದ ಕರ್ನಾಟಕಕ್ಕೆ ಒಂದು ನೇರ ಎಳೆಯೂ ಇದೆ. 1900ರ ಆಸುಪಾಸಿನಲ್ಲಿ ಯೇಟ್ಸ್ ಬಳಗದ ಜೊತೆ ನಾಟಕ ಕಟ್ಟುತ್ತಿದ್ದ ಕವಿ ಜೇಮ್ಸ್ ಕಸಿನ್ಸ್ ಆಮೇಲೆ ಭಾರತಕ್ಕೆ ಬಂದರು. 1924ರಲ್ಲಿ ಮೈಸೂರಿನಲ್ಲಿ ತರುಣ ಕುವೆಂಪು ಅವರಿಗೆ ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಬರೆಯಿರಿ ಎಂದು ಹೇಳಿದವರು ಇವರೇ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಆಧುನಿಕ ಭಾರತೀಯ ಚಿತ್ರಗಳು ಸೇರುವುದಕ್ಕೂ ಅವರ ಸಲಹೆ ಇತ್ತು. ರವಿವರ್ಮನ ಮೂಲ ಚಿತ್ರಗಳನ್ನು ನಾವು ಅಲ್ಲಿ ಟಿಕೆಟ್ ಕೊಟ್ಟು ನೋಡಬಹುದು. ದೇಶದೊಳಗೆ ಉಳಿದಿದ್ದರಿಂದ ಮಾತ್ರ ಅದು ಸಾಧ್ಯವಾಗಿಲ್ಲ, ಜನರಿಗೆ ತೆರೆದ ಗೋಡೆಯ ಮೇಲೆ ಒಟ್ಟಿಗೆ ಉಳಿದಿದ್ದರಿಂದ ಸಾಧ್ಯವಾಗಿದೆ.

ಇಲ್ಲಿಂದ ಮುಂದೆ

ಯೇಟ್ಸ್ ವಸ್ತುಗಳು ಇನ್ನೂ ಮಾರುಕಟ್ಟೆಗೆ ಬರುತ್ತಲೇ ಇರುತ್ತವೆ. 2017ರಲ್ಲಿ ಕೊಂಡವರೂ ಒಂದು ದಿನ ಮಾರುತ್ತಾರೆ. ಜ್ಯಾಕ್ ಬೆಲೆ ಏರಿದಷ್ಟೂ ಸಂಸ್ಥೆಗಳ ಹಣ ಅವರ ಒಂದೆರಡು ಕ್ಯಾನ್ವಾಸಿಗೇ ಖಾಲಿಯಾಗುವ ಅಪಾಯ ಹೆಚ್ಚು. ಎಲ್ಲವನ್ನೂ ಸರ್ಕಾರವೇ ಕೊಳ್ಳಲಿ ಎನ್ನುವುದು ಆಗದ ಮಾತು. ಆದರೆ 1003ನೇ ಕಲಮಿನ ಕೆಳಮಿತಿಯನ್ನು ಕೈಕೆಲಸದ ಸಂಗ್ರಹಗಳಿಗಾದರೂ ಇಳಿಸುವುದು ಆಗದ ಮಾತಲ್ಲ. ಒಂದು ಕಸೂತಿ ಸಂಗ್ರಹಕ್ಕೆ ಬಿಟ್ಟುಕೊಡುವ ತೆರಿಗೆ, ಒಂದು ದೊಡ್ಡ ತೈಲಚಿತ್ರಕ್ಕೆ ಬಿಟ್ಟುಕೊಡುವುದರ ಮುಂದೆ ಪುಡಿಗಾಸು. ಕುಟುಂಬಗಳಿಗೆ ದಾನ ಕೊಡಲು ಒಂದು ಕಾರಣ ಸಿಗುತ್ತದೆ, ವಸ್ತುಗಳು ಒಡೆಯದೆ ಉಳಿಯುತ್ತವೆ.

ಕಾನೂನು ಬದಲಾಗುವ ತನಕ ಕಾಯದೆ ಮಾಡಬಹುದಾದ್ದೂ ಇದೆ. ಕೂಲಾ ಮುದ್ರಣಾಲಯದ ದಾಖಲೆಗಳು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿವೆ. ಕೂಲಾ ಅಚ್ಚು ಹಾಕಿದ ಚಿತ್ರಗಳನ್ನು ಆ ಕಾಲೇಜು ಡಿಜಿಟಲ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಕಸೂತಿಗೂ ಇಂಥದೇ ಕೆಲಸ ಆಗಬೇಕು. ಚರ್ಚುಗಳಲ್ಲಿ, ಸಂಗ್ರಹಾಲಯಗಳಲ್ಲಿ, ಖಾಸಗಿ ಮನೆಗಳಲ್ಲಿ ಇರುವ ಡನ್ ಎಮರ್ ಮತ್ತು ಕೂಲಾ ಬಟ್ಟೆಗಳೆಲ್ಲ ಒಂದೇ ಪಟ್ಟಿಗೆ ಬಂದು, ವಿನ್ಯಾಸ ಯಾರದು, ಹೊಲಿದವರು ಯಾರು ಎಂದು ಸಿಕ್ಕಷ್ಟು ಹೆಸರು ಅದರಲ್ಲಿ ಸೇರಬೇಕು. ರಾಷ್ಟ್ರೀಯ ಗ್ಯಾಲರಿಯಲ್ಲಿ ಲಿಲಿಯ ಚಿತ್ರ ತೋರಿಸುವಾಗ ಲಾಕ್ರೇಯಿಂದ ಒಂದು ಪತಾಕೆಯನ್ನು ಕೆಲವು ತಿಂಗಳ ಮಟ್ಟಿಗೆ ಎರವಲು ತಂದು ಪಕ್ಕದಲ್ಲಿಡಬಹುದು. ಇದಕ್ಕೆ ಹರಾಜೂ ಬೇಡ, ಹೊಸ ಕಾಯ್ದೆಯೂ ಬೇಡ. ಎರಡು ಸಂಸ್ಥೆಗಳ ನಡುವೆ ಒಂದು ಒಪ್ಪಂದ, ಬಟ್ಟೆಗೆ ಹಾನಿಯಾಗದಷ್ಟು ಮಂದ ಬೆಳಕಿನ ಒಂದು ಗಾಜಿನ ಪೆಟ್ಟಿಗೆ ಇದ್ದರೆ ಆಗುತ್ತದೆ.